ಬಲೆ ಮತ್ತು ಗಾಳಗಳಿಂದ ಗಾಯಗೊಂಡ ಕಡಲಹಕ್ಕಿಗಳ ರಕ್ಷಣೆ: ಕರಾವಳಿ ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ



ರೆಕ್ಕೆಗೆ ನೈಲಾನ್ ದಾರ ಸುತ್ತಿಕೊಂಡ ಅಥವಾ ಕೊಕ್ಕಿಗೆ ಗಾಳ ಚುಚ್ಚಿಕೊಂಡ ಹಕ್ಕಿ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು ಮೀನುಗಾರರಿಗೆ, ಮೀನು ಒಣಗಿಸುವ ಮಹಿಳೆಯರಿಗೆ, ದಡದಲ್ಲಿ ಆಡುವ ಮಕ್ಕಳಿಗೆ. ಅವರು ಸಲಹೆ ಕೇಳುವುದೂ ಬಹುಮಟ್ಟಿಗೆ ತಮ್ಮ ಸದಸ್ಯರನ್ನೇ. ಕರುಣೆಯಿಂದ ಮಾಡಿದ ತಪ್ಪು ಉಪಚಾರದಿಂದಲೇ ಇಂತಹ ಹಕ್ಕಿ ಸಾಯಬಹುದಾದ್ದರಿಂದ, ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕು ಮತ್ತು ಏನು ಮಾಡಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಚಳಿಗಾಲದಲ್ಲಿ ಗಲ್ ಜಾತಿಯ ವಲಸೆ ಹಕ್ಕಿಗಳು ಮತ್ತು ರೀವಗಳು ಅಳಿವೆಗಳಲ್ಲಿ, ಮೀನು ಇಳಿಸುವ ತಾಣಗಳಲ್ಲಿ ಗುಂಪುಗೂಡುತ್ತವೆ. ಗರುಡ ಹಾಗೂ ಬಿಳಿಹೊಟ್ಟೆಯ ಕಡಲ ಹದ್ದು ವರ್ಷವಿಡೀ ಇಲ್ಲಿಯೇ ಇರುತ್ತವೆ. ನೈಋತ್ಯ ಮುಂಗಾರಿನ ಬಿರುಗಾಳಿಗೆ ಸಿಕ್ಕಿ, ದಡದತ್ತ ಸುಳಿಯದ ಬೂಬಿಯಂತಹ ಆಳಸಮುದ್ರದ ಹಕ್ಕಿಗಳೂ ಬಳಲಿ ಮರಳಿನ ಮೇಲೆ ಬಂದು ಬೀಳುವುದುಂಟು. ಹಿಂದಿನ ಹತ್ತಿ ಮತ್ತು ನಾರಿನ ಬಲೆಗಳು ಕೆಲಕಾಲದಲ್ಲಿ ಕೊಳೆತುಹೋಗುತ್ತಿದ್ದವು. ನೈಲಾನ್ ಹಾಗಲ್ಲ, ಎಸೆದ ತುಂಡು ವರ್ಷಾನುಗಟ್ಟಲೆ ಉಳಿದು, ನೀರಿನಲ್ಲಿ ಕಾಣದೆ, ಕಾಲಿಗೆ ಸುತ್ತಿದಷ್ಟೂ ಬಿಗಿಯುತ್ತದೆ.

ಹಕ್ಕಿಯನ್ನು ಹಿಡಿಯುವವರು ಕೈಗವಸು ಧರಿಸಿ, ಹಿಂದಿನಿಂದ ದಪ್ಪ ಬಟ್ಟೆಯನ್ನು ಹೊದಿಸಿ, ರೆಕ್ಕೆಗಳನ್ನು ಮೈಗೆ ಒತ್ತಿ ಎತ್ತಬೇಕು. ಎದೆಯನ್ನು ಬಿಗಿಯಾಗಿ ಅದುಮಬಾರದು. ಎದೆಗೂಡು ಆಡದಿದ್ದರೆ ಹಕ್ಕಿಗೆ ಉಸಿರಾಟವಿಲ್ಲ. ಉದ್ದ ಕೊಕ್ಕಿನ ಹಕ್ಕಿಗಳು ಕಣ್ಣಿಗೆ ಗುರಿಯಿಟ್ಟು ಕುಕ್ಕುವುದರಿಂದ ಮುಖವನ್ನು ದೂರವಿರಿಸಿಕೊಳ್ಳಬೇಕು. ಹದ್ದು, ಗರುಡಗಳಲ್ಲಿ ಅಪಾಯವಿರುವುದು ಉಗುರುಗಳಲ್ಲಿ. ಕುಕ್ಕುತ್ತದೆಂದು ಕೊಕ್ಕನ್ನು ದಾರದಿಂದ ಕಟ್ಟುವ ರೂಢಿ ಕೆಲವೆಡೆ ಇದೆ. ಬೂಬಿಗೆ ಹೊರಮೂಗಿನ ಹೊಳ್ಳೆಗಳೇ ಇಲ್ಲ, ಅದು ಬಾಯಿಯ ಅಂಚಿನಿಂದ ಉಸಿರಾಡುತ್ತದೆ; ಕೊಕ್ಕು ಕಟ್ಟಿದರೆ ಉಸಿರುಗಟ್ಟಿ ಸಾಯುತ್ತದೆ. ತಲೆಯ ಮೇಲೆ ಹಗುರವಾದ ಬಟ್ಟೆ ಹಾಕಿ ಕತ್ತಲು ಮಾಡಿದರೆ ಬಹುತೇಕ ಹಕ್ಕಿಗಳು ತಾವಾಗಿ ಶಾಂತವಾಗುತ್ತವೆ.

ಗಾಳವನ್ನು ಹಿಂದಕ್ಕೆ ಎಳೆಯಬಾರದು. ಅದರ ಮುಳ್ಳು ಮಾಂಸವನ್ನು ಹರಿದುಕೊಂಡು ಬರುತ್ತದೆ. ಗಾಳದ ತುದಿ ಚರ್ಮದಿಂದ ಹೊರಬಂದು ಕಾಣುತ್ತಿದ್ದರೆ ಮಾತ್ರ ಇಕ್ಕಳದಿಂದ ಮುಳ್ಳನ್ನು ಕತ್ತರಿಸಿ, ಉಳಿದ ಭಾಗವನ್ನು ಬಂದ ದಾರಿಯಲ್ಲೇ ಹಿಂತೆಗೆಯಬಹುದು. ಗಂಟಲಿನೊಳಕ್ಕೆ ದಾರ ಇಳಿದಿದ್ದರೆ ಗಾಳ ಒಳಗಿದೆಯೆಂದೇ ತಿಳಿಯತಕ್ಕದ್ದು. ಆಗ ದಾರವನ್ನು ಎಳೆಯದೆ, ಸ್ವಲ್ಪ ಉದ್ದವನ್ನು ಹೊರಗೆ ಬಿಟ್ಟು ಕತ್ತರಿಸಬೇಕು. ಪಶುವೈದ್ಯರಿಗೆ ಗಾಳವನ್ನು ಹುಡುಕಲು ಆ ತುಂಡೇ ಆಧಾರ. ಸಿಕ್ಕಿಕೊಂಡ ದಾರವನ್ನೆಲ್ಲ ಬಿಡಿಸಿದ ಕೂಡಲೇ ಹಕ್ಕಿಯನ್ನು ಹಾರಿಬಿಡುವುದೂ ಸರಿಯಲ್ಲ, ಏಕೆಂದರೆ ರಕ್ತಸಂಚಾರ ನಿಂತಿದ್ದ ಭಾಗದ ಹಾನಿ ಕಾಣಿಸಿಕೊಳ್ಳಲು ಕೆಲವು ದಿನಗಳು ಬೇಕಾಗುತ್ತವೆ.

ಗಾಳಿಯಾಡಲು ರಂಧ್ರಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ, ನೆರಳಿನಲ್ಲಿ, ಸದ್ದುಗದ್ದಲವಿಲ್ಲದೆಡೆ ಇರಿಸುವುದು. ಬಾಯಿಗೆ ನೀರು ಸುರಿಯಬಾರದು, ಮೀನು ತುರುಕಬಾರದು. ನೀರು ಶ್ವಾಸನಾಳಕ್ಕೆ ಇಳಿಯುವ ಸಂಭವವಿದೆ. ಬಳಲಿದ ಹಕ್ಕಿ ಕಡಲಿನದೆಂದು ಅದನ್ನು ಅಲೆಗಳಿಗೆ ಎಸೆಯುವುದು ಸದುದ್ದೇಶದಿಂದಲೇ ಆದರೂ ಕೊಂದಂತೆಯೇ ಸರಿ. ಎಣ್ಣೆ ಅಥವಾ ಡಾಂಬರಿನ ಉಂಡೆ ಮೆತ್ತಿದ ಹಕ್ಕಿಯನ್ನು ದಡದಲ್ಲೇ ಸಾಬೂನಿನಿಂದ ತೊಳೆಯಲು ಹೊರಡಬಾರದು. ಎಣ್ಣೆಯಿಂದ ಗರಿಗಳ ನೀರುನಿರೋಧಕ ಗುಣ ಹೋಗಿ ಅದು ಮೊದಲೇ ಚಳಿಗೆ ನಡುಗುತ್ತಿರುತ್ತದೆ. ಬೆಚ್ಚಗಿರಿಸಿ ವೈದ್ಯರಿಗೆ ಒಪ್ಪಿಸುವುದೇ ಕ್ರಮ.

ಒಂದೇ ಕಡೆ ಹಲವು ಹಕ್ಕಿಗಳು ಸತ್ತು ಬಿದ್ದಿದ್ದರೆ ಹಕ್ಕಿಜ್ವರದ ಶಂಕೆಯಿಂದ ಯಾರೂ ಮುಟ್ಟದಂತೆ ನೋಡಿಕೊಂಡು ಪಶುಸಂಗೋಪನಾ ಇಲಾಖೆಗೆ ತಿಳಿಸತಕ್ಕದ್ದು.

ಗಾಯಗೊಂಡ ಹಕ್ಕಿಯನ್ನು ಮನೆಯಲ್ಲಿ ಸಾಕಿಕೊಳ್ಳಲು ಅವಕಾಶವಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 39ನೇ ಪ್ರಕರಣದ ಪ್ರಕಾರ, ಸರ್ಕಾರದ ಸ್ವತ್ತಾದ ವನ್ಯಜೀವಿ ಯಾರ ವಶಕ್ಕೆ ಬಂದರೂ 48 ಗಂಟೆಗಳೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡಬೇಕು. ಅದು ಕಾನೂನಿನ ಗಡುವು. ಗಾಯದ ಹಕ್ಕಿ ಅಷ್ಟು ಹೊತ್ತು ಕಾಯಲಾರದು. ಹಕ್ಕಿ ಸಿಕ್ಕಿದ ಕೂಡಲೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕರೆಮಾಡಿ, ಅದು ಸಿಕ್ಕ ಸ್ಥಳ ಹಾಗೂ ಸಮಯವನ್ನು ಬರೆದಿಟ್ಟುಕೊಳ್ಳುವುದು ಒಳಿತು.

ಇನ್ನು ಮೂಲದ ಮಾತು. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ ಅವಧಿಯಲ್ಲಿ ಬಲೆಗಳ ದುರಸ್ತಿ ದಡದಲ್ಲೇ ನಡೆಯುತ್ತದೆ. ಕತ್ತರಿಸಿದ ಚೂರುಗಳು ಅಲ್ಲೇ ಉಳಿಯುತ್ತವೆ. ಬಿರುಗಾಳಿಯ ಹಕ್ಕಿಗಳು ಬಂದು ಬೀಳುವುದೂ ಇದೇ ತಿಂಗಳುಗಳಲ್ಲಿ. ಬಲೆ ದುರಸ್ತಿಯ ಜಾಗದಲ್ಲಿ ಮುಚ್ಚಳವಿರುವ ಒಂದು ಡಬ್ಬವಿಟ್ಟು, ಅದನ್ನು ಪಂಚಾಯತಿಯ ಒಣಕಸ ಸಂಗ್ರಹಣೆಗೆ ಸೇರಿಸುವುದಕ್ಕೆ ದೊಡ್ಡ ವೆಚ್ಚವಿಲ್ಲ. ಇದರ ಹೊಣೆಯನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ವಹಿಸಬಹುದು. ಆದರೆ ಎಲ್ಲಿ ಡಬ್ಬವಿಟ್ಟರೆ ಬಳಕೆಯಾಗುತ್ತದೆ ಎಂಬುದನ್ನು ಮೀನುಗಾರರನ್ನೇ ಕೇಳಿ ನಿರ್ಧರಿಸುವುದು ಲೇಸು. ಡಬ್ಬದ ಪಕ್ಕದ ಗೋಡೆಯ ಮೇಲೆ 1926 ಮತ್ತು ವಲಯ ಅರಣ್ಯ ಕಚೇರಿಯ ದೂರವಾಣಿ ಸಂಖ್ಯೆಗಳನ್ನು ಮೇ ತಿಂಗಳೊಳಗೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿದರೆ ಈ ಮಳೆಗಾಲಕ್ಕೇ ಒದಗುತ್ತದೆ.