ನಾಯಿಯ ಉಗುರು: ರಕ್ತ ಹರಿಸಿ ಕಲಿತದ್ದು

ಎತ್ತಿನ ಲಾಳ ಸವೆದರೆ ನಮಗೆ ಅದರ ನಡಿಗೆಯಲ್ಲೇ ಗೊತ್ತಾಗುತ್ತದೆ. ಆಡಿನ ಗೊರಸು ಬೆಳೆದು ಮಡಚಿಕೊಂಡರೆ ಹಿಡಿದು ಕೆತ್ತುತ್ತೇವೆ. ಆದರೆ ರಾತ್ರಿಯೆಲ್ಲ ಹೊಲ ಕಾಯುವ ನಾಯಿಯ ಕಾಲನ್ನು ಎತ್ತಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ ಇದ್ದೀರಿ? ನಾನಂತೂ ತಲೆ ನರೆಯುವ ತನಕ ನೋಡಿರಲಿಲ್ಲ. ನಾಯಿಯ ಉಗುರು ತೆಗೆಯೋದು ಪೇಟೆಯ ಸಾಹುಕಾರರ ಮನೆ ಕೆಲಸ ಎಂದೇ ತಿಳಿದಿದ್ದೆ.

ನಮ್ಮದು ಬಾಗಲಕೋಟೆ ಜಿಲ್ಲೆ, ಹುನಗುಂದ ಸೀಮೆಯ ಎರೆ ಹೊಲ. ಹಿಂಗಾರಿ ಜೋಳ, ಕಡಲೆ, ಅಕ್ಕಡಿಯಲ್ಲಿ ಕುಸುಬಿ. ನಾಯಿಯ ಹೆಸರು ಕೆಂಚ. ಮುಧೋಳ ನಾಯಿಯ ರಕ್ತ ಅದರಲ್ಲಿ ಕೂಡಿದೆ. ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿತ್ತು. ನಮ್ಮದು ಅಂಥ ಅಪ್ಪಟ ಜಾತಿಯದಲ್ಲ, ಆದರೆ ಉದ್ದ ಕಾಲು, ತೆಳು ಹೊಟ್ಟೆ, ಓಟ ಎಲ್ಲ ಅದರದೇ.

2019ರ ಮಳೆಗಾಲದಲ್ಲಿ ಕೆಂಚ ಪಕ್ಕದ ಮನೆಯ ಎರಡು ಕೋಳಿ ಹಿಡಿದ. ಜಗಳ ಆಯಿತು. ಅಂದಿನಿಂದ ಹಗಲೆಲ್ಲ ಅದನ್ನು ಸರಪಳಿ ಹಾಕಿ ಕಟ್ಟಿದೆ, ರಾತ್ರಿ ಮಾತ್ರ ಹೊಲಕ್ಕೆ ಬಿಡುತ್ತಿದ್ದೆ. ಮೂರು ತಿಂಗಳು ಕಳೆಯಿತು. ಒಂದು ದಿನ ನಮ್ಮಾಕಿ ರೊಟ್ಟಿ ಬಡಿಯುತ್ತ, ‘ಈ ನಾಯಿ ನಡದ್ರ ಬಂಡಿ ಮ್ಯಾಲೆ ಟಕ್ ಟಕ್ ಅಂತೈತಿ, ಕೇಳ್ರಿ’ ಅಂದಳು. ಪಡಸಾಲೆಯ ಹಾಸುಗಲ್ಲಿನ ಮೇಲೆ ಹೌದು, ಒಂದೊಂದು ಹೆಜ್ಜೆಗೂ ಸಪ್ಪಳ. ಕಾಲೆತ್ತಿ ನೋಡಿದರೆ ಉಗುರುಗಳು ಬೆಳೆದು ನೆಲಕ್ಕೆ ಒತ್ತಿ ಬೆರಳೇ ಓರೆಯಾಗಿದ್ದವು. ಮುಂಗಾಲಿನ ಒಳಮಗ್ಗುಲಿಗೆ, ನಮ್ಮ ಹೆಬ್ಬೆರಳಿನ ಹಾಗೆ ಮೇಲೊಂದು ಉಗುರು ಇರುತ್ತದಲ್ಲ, ಅದು ಬಳೆಯಂತೆ ಸುತ್ತಿಕೊಂಡು ತನ್ನದೇ ಮಾಂಸಕ್ಕೆ ಚುಚ್ಚುವ ಹಂತಕ್ಕೆ ಬಂದಿತ್ತು.

ಕಾರಣ ಆಮೇಲೆ ತಿಳಿಯಿತು. ಮಸಾರಿ, ಗರಸು ನೆಲದಲ್ಲಿ, ಕಲ್ಲುದಾರಿಯಲ್ಲಿ ಓಡಾಡುವ ನಾಯಿಗೆ ಉಗುರು ತಾನೇ ಸವೆಯುತ್ತದೆ. ಮೆತ್ತನ್ನ ಎರೆಯಲ್ಲಿ ಅಷ್ಟು ಸವೆಯೋದಿಲ್ಲ, ಕಟ್ಟಿಹಾಕಿದರಂತೂ ಮುಗಿಯಿತು. ಇನ್ನು ಆ ಮೇಲಿನ ಹೆಬ್ಬೆರಳ ಉಗುರು ನೆಲಕ್ಕೆ ತಾಗುವುದೇ ಇಲ್ಲ. ಎಂಥ ಕಲ್ಲುನೆಲದ ನಾಯಿಗಾದರೂ ಅದನ್ನು ನೋಡುತ್ತಲೇ ಇರಬೇಕು.

ನನ್ನ ತಪ್ಪು

ಅಂದು ಸಂಜೆ ನಾನು ಪಂಪಿನ ಪೆಟ್ಟಿಗೆಯಿಂದ ಕಟಿಂಗ್ ಪ್ಲೇಯರ್ ತಂದೆ. ಮಗ ನಾಯಿಯ ಕುತ್ತಿಗೆ ಒತ್ತಿ ಹಿಡಿದ. ಎಡ ಮುಂಗಾಲಿನ ನಡು ಬೆರಳು, ಕರೇ ಉಗುರು. ಅರ್ಧಕ್ಕೆ ಇಟ್ಟು ಒಂದೇ ಸಲ ಅದುಮಿದೆ. ಕೆಂಚ ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ತಿರುಗಿ ನನ್ನ ಮುಂಗೈ ಕಚ್ಚಿತು. ಉಗುರಿನಿಂದ ರಕ್ತ ತಟ ತಟ ತೊಟ್ಟಿಕ್ಕಿತು. ಅದು ಓಡಾಡಿದ ಕಡೆಯೆಲ್ಲ ಪಡಸಾಲೆ ಕೆಂಪು.

ಆಗ ಮಾಡಿದ್ದು ಎರಡನೆಯ ತಪ್ಪು. ಬಾಯಲ್ಲಿದ್ದ ತಂಬಾಕು-ಸುಣ್ಣವನ್ನೇ ತೆಗೆದು ಉಗುರಿಗೆ ಮೆತ್ತಿದೆ. ನಾವು ಕುಡಗೋಲು ತಾಗಿದರೆ ಹಾಗೆ ಮಾಡುವವರೇ. ಸುಣ್ಣ ಉರಿದು ನಾಯಿ ಮತ್ತಷ್ಟು ಕಾಲು ಒದರಿತು, ನೆಕ್ಕಿತು, ಸ್ವಲ್ಪ ಹೊತ್ತಿಗೆ ವಾಂತಿ ಮಾಡಿತು. ತಂಬಾಕು ನಾಯಿಗೆ ವಿಷ. ನೆಕ್ಕುವ ಪ್ರಾಣಿಗೆ ಹೊರಗೆ ಹಚ್ಚಿದ್ದೂ ಒಳಗೇ ಹೋಗುತ್ತದೆ ಎಂಬ ಸಾದಾ ಮಾತು ನನಗೆ ಹೊಳೆಯಲಿಲ್ಲ. ಸೀಮೆಎಣ್ಣೆ, ಇಂಜಿನ್ ಆಯಿಲ್ ಹಚ್ಚುವವರೂ ಇದ್ದಾರೆ. ಅದೂ ಬೇಡವೇ ಬೇಡ.

ರಕ್ತ ನಿಲ್ಲಿಸಿದ್ದು ನಮ್ಮಾಕಿ. ‘ಸರೀರಿ ನೀವು’ ಅಂತ ನನ್ನನ್ನು ದೂರ ಮಾಡಿ, ಕಾಲು ತೊಳೆದು, ಒಂದು ಮುಷ್ಟಿ ಮೈದಾ ಹಿಟ್ಟಿನಲ್ಲಿ ಉಗುರನ್ನು ಹೂತು, ಮೇಲೆ ಹಳೇ ಧೋತರದ ತುಂಡು ಇಟ್ಟು ಬಿಗಿಯಾಗಿ ಒತ್ತಿ ಕುಳಿತಳು. ಕದಲಲಿಲ್ಲ. ಹತ್ತು ನಿಮಿಷದ ಮೇಲೆ ಬಟ್ಟೆ ತೆಗೆದರೆ ರಕ್ತ ಕಟ್ಟಿತ್ತು. ಆ ಹೊತ್ತಿಗೆ ನನ್ನ ಕೈಯಿಂದಲೂ ರಕ್ತ ಹರಿಯುತ್ತಿತ್ತು. ಅದರ ಕಡೆ ಯಾರೂ ನೋಡಲಿಲ್ಲ, ಅದು ಬೇರೆ ಮಾತು.

ಬೇರೆ ಮಾತು ಎಂದೆನಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಾಕಿದ ನಾಯಿಯೇ ಕಚ್ಚಿದರೂ ಗಾಯವನ್ನು ಹರಿಯುವ ನೀರಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಬೇಕು. ಅರಿಷಿಣ, ಖಾರದಪುಡಿ, ಸುಣ್ಣ ಹಚ್ಚಬಾರದು. ಅದೇ ದಿನ ಸರಕಾರಿ ದವಾಖಾನೆಗೆ ಹೋಗಬೇಕು. ನನಗೆ ಅಂದು, ಆಮೇಲೆ 3, 7, 28ನೆಯ ದಿನ ಸೂಜಿ ಹಾಕಿದರು. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಉಳಿಯುವುದಿಲ್ಲವೆಂದೇ ಹೇಳಬೇಕು. ನಾಯಿಗೂ ವರ್ಷ ವರ್ಷ ಲಸಿಕೆ ತಪ್ಪಿಸಬಾರದು. ಕೆಂಚನದು ಆ ವರ್ಷ ತಪ್ಪಿತ್ತು.

ಉಗುರಿನೊಳಗಿನ ಜೀವ

ಮರುದಿನ ಕೆಂಚನನ್ನು ಗಾಡಿಯ ಮೇಲೆ ಕೂಡಿಸಿಕೊಂಡು ಪಶು ದವಾಖಾನೆಗೆ ಹೋದೆ. ಅಲ್ಲಿದ್ದ ಮೇಡಂ ನಮ್ಮ ಮಗಳ ವಯಸ್ಸಿನವರು. ಬೈಯಲಿಲ್ಲ, ನಕ್ಕರು. ‘ಯಜಮಾನ್ರ, ಬಾಳೆಕಾಯಿ ಕೊಯ್ದಂಗ ಕೊಯ್ದೀರಲ್ಲ’ ಅಂದರು. ಆಮೇಲೆ ಒಂದು ಬಿಳಿ ಉಗುರನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಬುಡದಿಂದ ಅರ್ಧಕ್ಕಿಂತ ಹೆಚ್ಚು ದೂರ ಗುಲಾಬಿ ಬಣ್ಣದ ಎಳೆ ಕಂಡಿತು. ಅದೇ ಉಗುರಿನ ಜೀವ. ಅದರಲ್ಲಿ ರಕ್ತನಾಳವೂ ಇದೆ, ನರವೂ ಇದೆ. ಅದಕ್ಕೇ ರಕ್ತವೂ ಬರುತ್ತದೆ, ನೋವೂ ಆಗುತ್ತದೆ. ಅದರ ಮುಂದಿನದು ಬರೀ ಕೊಂಬಿನಂಥ ಸತ್ತ ಭಾಗ. ಕತ್ತರಿಸಬೇಕಾದ್ದು ಅಷ್ಟೇ, ಅದೂ ಗುಲಾಬಿ ಎಳೆಗಿಂತ ಒಂದು ಜೋಳದ ಕಾಳಿನ ಅಗಲ ಮುಂದಕ್ಕೆ.

ಕರೇ ಉಗುರಿನಲ್ಲಿ ಜೀವ ಕಾಣುವುದಿಲ್ಲ. ಅಲ್ಲಿ ಸ್ವಲ್ಪ ಸ್ವಲ್ಪವೇ, ಬಿಲ್ಲೆ ಬಿಲ್ಲೆಯಾಗಿ ಚೂರು ತೆಗೆಯಬೇಕು. ಪ್ರತಿ ಸಲ ಕೊಯ್ದ ಮುಖ ನೋಡಬೇಕು. ಮೊದಮೊದಲು ಅದು ಒಣಗಿ ಬೂದಿಬಿಳುಪಾಗಿ, ಪುಡಿಪುಡಿಯಾಗಿ ಕಾಣುತ್ತದೆ. ಇನ್ನೂ ಒಳಕ್ಕೆ ಹೋದಾಗ ನಡುವೆ ಹಸಿಯಾದ, ಮಿರುಗುವ ಒಂದು ಕಪ್ಪು ಚುಕ್ಕೆ ಏಳುತ್ತದೆ. ಚುಕ್ಕೆ ಕಂಡಿತೋ, ಕೈ ನಿಲ್ಲಿಸಬೇಕು. ಅದರ ಹಿಂದೆಯೇ ಜೀವ ಇದೆ. ನನಗೆ ಇದು ಕೈಗೆ ಹತ್ತಲು ನಾಲ್ಕೈದು ಸಲ ಬೇಕಾಯಿತು.

‘ಹಂಗಾದ್ರ ಇಷ್ಟುದ್ದ ಬೆಳೆದದ್ದನ್ನ ಗಿಡ್ಡ ಮಾಡೋದು ಹೆಂಗ್ರೀ?’ ಎಂದು ಕೇಳಿದೆ. ಉಗುರು ಉದ್ದವಾದಂತೆ ಒಳಗಿನ ಜೀವವೂ ಮುಂದಕ್ಕೆ ಬಂದಿರುತ್ತದೆ. ಒಂದೇ ದಿನ ಸರಿಮಾಡಲು ಹೋದರೆ ರಕ್ತವೇ. ಎಂಟು-ಹತ್ತು ದಿನಕ್ಕೊಮ್ಮೆ ತುದಿ ಅಷ್ಟಷ್ಟೇ ತೆಗೆಯುತ್ತ ಹೋದರೆ ಜೀವವೂ ನಿಧಾನಕ್ಕೆ ಹಿಂದೆ ಸರಿಯುತ್ತದೆ. ಕೆಂಚನಿಗೆ ಎರಡು ತಿಂಗಳ ಮೇಲೆ ಹಿಡಿಯಿತು. ನಾಯಿ ಸರಿಯಾಗಿ ನಿಂತಾಗ ಉಗುರು ನೆಲಕ್ಕೆ ತಾಗದಿದ್ದರೆ ಸಾಕು. ಹಾಸುಗಲ್ಲಿನ ಮೇಲೆ ಸಪ್ಪಳ ನಿಂತರೆ ತಿಳಿಯಿರಿ, ಅದೇ ಅಳತೆ.

ಸುತ್ತಿಕೊಂಡಿದ್ದ ಆ ಮೇಲಿನ ಉಗುರನ್ನು ಮೇಡಂ ತಾವೇ ತೆಗೆದರು. ಮಾಂಸಕ್ಕೆ ಹೊಕ್ಕ ಉಗುರನ್ನು ಮನೆಯಲ್ಲಿ ಕೀಳಲು ಹೋಗಬೇಡಿ. ಒಳಗೆ ಕೀವು ಇರುತ್ತದೆ, ಅದಕ್ಕೆ ಔಷಧಿ ಬೇಕು.

ಕತ್ತರಿ ಮತ್ತು ಹಿಡಿಯುವ ಬಗೆ

ಕಟಿಂಗ್ ಪ್ಲೇಯರ್ ಉಗುರನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ನಾವು ಬಳಸುವ ಉಗುರು ಕಟರ್ ಕೂಡ ದೊಡ್ಡ ನಾಯಿಗೆ ನಡೆಯದು, ಉಗುರು ಸೀಳುತ್ತದೆ. ನಾಯಿಗೆಂದೇ ಇಕ್ಕಳದಂಥ ಕತ್ತರಿ ಸಿಗುತ್ತದೆ, ಬಾಯಿ ಅರ್ಧಚಂದ್ರದ ಹಾಗೆ. ನಾನು 250 ರೂಪಾಯಿ ಕೊಟ್ಟು ತಂದೆ. ಜೊತೆಗೊಂದು ಸಣ್ಣ ಕಾನಸು ಇದ್ದರೆ ಕೊಯ್ದ ಅಂಚನ್ನು ಉಜ್ಜಿ ನುಣುಪು ಮಾಡಬಹುದು. ಕತ್ತರಿಯ ಭಯ ಇರುವವರು ಬರೀ ಕಾನಸಿನಲ್ಲೇ ಎರಡು ದಿನಕ್ಕೊಮ್ಮೆ ಉಜ್ಜಿದರೂ ಆದೀತು, ತಾಳ್ಮೆ ಬೇಕು ಅಷ್ಟೇ. ಕತ್ತರಿ ಮೊಂಡಾಗಿರಬಾರದು.

ಹಿಡಿಯೋದರಲ್ಲಿ ಅರ್ಧ ಕೆಲಸ ಇದೆ. ನಾಯಿಯ ಮುಂಗಾಲು ಹಿಂದೆ ಮುಂದೆ ಮಡಚುತ್ತದೆ. ನಾವು ಪಕ್ಕಕ್ಕೆ ಎಳೆಯುತ್ತೇವೆ, ರಟ್ಟೆ ನೋಯುತ್ತದೆ, ಅದು ಕೊಸರುತ್ತದೆ, ನಾವು ಇನ್ನೂ ಬಿಗಿ ಮಾಡುತ್ತೇವೆ. ಎತ್ತಿನ ಕಾಲು ಎತ್ತಿದಂತೆ ಕಾಲನ್ನು ಹಿಂದಕ್ಕೆ ಮಡಚಿ, ಅಂಗಾಲು ಮೇಲೆ ಮಾಡಿ ನೋಡಿ, ನಾಯಿಯೂ ಸುಮ್ಮನಿರುತ್ತದೆ, ಉಗುರಿನ ಕೆಳಮೈಯೂ ಕಾಣುತ್ತದೆ. ಬೆರಳನ್ನು ಮೇಲೆ ಕೆಳಗೆ ಮೆಲ್ಲಗೆ ಒತ್ತಿದರೆ ಉಗುರು ಮುಂದೆ ಬರುತ್ತದೆ. ನಡುವಿನ ಕೂದಲನ್ನು ಪಕ್ಕಕ್ಕೆ ಸರಿಸಿ. ಸ್ವಲ್ಪ ಓರೆಯಾಗಿ ಕತ್ತರಿಸಿ.

ಒಬ್ಬರು ತಲೆಯನ್ನು ಎದೆಗೆ ಒತ್ತಿಕೊಂಡು ಮಾತಾಡಿಸುತ್ತಿರಲಿ. ಕಚ್ಚುವ ನಾಯಿಯಾದರೆ ಎರಡು ಮೊಳದ ಬಟ್ಟೆಪಟ್ಟಿ ತೆಗೆದುಕೊಂಡು ಮೂತಿಗೆ ಒಂದು ಸುತ್ತು ಹಾಕಿ, ಗದ್ದದ ಕೆಳಗೆ ಅಡ್ಡಹಾಯಿಸಿ, ಕಿವಿಗಳ ಹಿಂದೆ ಗಂಟು ಹಾಕಬೇಕು. ಜಗ್ಗಿದರೆ ಬಿಚ್ಚುವ ಗಂಟಿರಲಿ. ಬಾಯಿ ಕಟ್ಟಿದ ನಾಯಿಗೆ ತೇಕಲು ಬರುವುದಿಲ್ಲ, ತೇಕದಿದ್ದರೆ ಮೈ ತಂಪಾಗುವುದಿಲ್ಲ. ಆದ್ದರಿಂದ ಬಿಸಿಲಲ್ಲಿ ಬೇಡ, ಬೆಳಗಿನ ತಂಪಿನಲ್ಲಿ ಎರಡು ಮೂರು ನಿಮಿಷ ಮಾತ್ರ. ಉಸಿರಿಗೆ ಕಷ್ಟಪಟ್ಟರೆ ತಕ್ಷಣ ಬಿಚ್ಚಿ.

ಒಂದೇ ದಿನ ನಾಲ್ಕೂ ಕಾಲು ಮುಗಿಸಬೇಕೆಂಬ ಹಟ ಬೇಡ. ದಿನಕ್ಕೊಂದು ಕಾಲು, ಮುಗಿದ ಮೇಲೆ ಒಂದು ತುಂಡು ರೊಟ್ಟಿ. ಮರಿ ಇದ್ದಾಗಿನಿಂದ ರೊಟ್ಟಿ ಹಾಕುವಾಗ ಕಾಲು ಹಿಡಿದು ಬೆರಳು ಮುಟ್ಟುತ್ತಿದ್ದರೆ ಮುಂದೆ ಈ ಕುಸ್ತಿಯೇ ಇರುವುದಿಲ್ಲ. ನಾನು ಮೊದಲು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಎಂದು ಲೆಕ್ಕ ಇಟ್ಟಿದ್ದೆ. ಓಣಿಯ ಹಿರಿಯರೊಬ್ಬರು ‘ಅಮಾಸಿ ದಿನ ಉಗುರು ತೆಗೀಬಾರದೋ ತಮ್ಮಾ’ ಎಂದರು. ನಾಯಿಗೆ ಎಲ್ಲಿಯ ಅಮಾಸಿ! ಆದರೂ ವಾದ ಯಾಕೆಂದು ಸೋಮವಾರಕ್ಕೆ ಬದಲಿಸಿದೆ. ಅಂದು ಹೇಗೂ ಎತ್ತು ಹೂಡುವುದಿಲ್ಲ, ಬಿಡುವು ಇರುತ್ತದೆ.

ರಕ್ತ ಬಂದರೆ

ಎಷ್ಟೇ ಜಾಗ್ರತೆ ಮಾಡಿದರೂ ಒಮ್ಮೊಮ್ಮೆ ಬರುತ್ತದೆ. ನನಗೆ ಆಮೇಲೂ ಎರಡು ಸಲ ಬಂತು. ಕತ್ತರಿ ಹಿಡಿಯುವ ಮೊದಲೇ ಹಿಟ್ಟು, ಬಟ್ಟೆ ಕೈಗೆಟುಕುವಂತೆ ಇಟ್ಟುಕೊಂಡಿರಬೇಕು. ಔಷಧಿ ಅಂಗಡಿಯಲ್ಲಿ ರಕ್ತ ನಿಲ್ಲಿಸುವ ಪುಡಿ ಸಿಕ್ಕರೆ ಒಳ್ಳೆಯದೇ. ಇಲ್ಲದಿದ್ದರೆ ಕಾರ್ನ್‌ಫ್ಲೋರ್ ಅಥವಾ ಮೈದಾ. ಕ್ಷೌರದ ಅಂಗಡಿಯಲ್ಲಿ ಕೆನ್ನೆಗೆ ಉಜ್ಜುವ ಪಟಿಕದ ಕಲ್ಲು ಇರುತ್ತದಲ್ಲ, ಅದನ್ನು ಕುಟ್ಟಿ ಪುಡಿ ಮಾಡಿ ಉಗುರಿನ ತುದಿಗೆ ಒತ್ತಿದರೂ ನಿಲ್ಲುತ್ತದೆ, ಸ್ವಲ್ಪ ಉರಿಯುತ್ತದೆ. ಏನೂ ಇಲ್ಲವೆಂದರೆ ಒಣ ಸಾಬೂನಿನ ತುಂಡಿಗೆ ಉಗುರನ್ನು ಚುಚ್ಚಿ ಹಿಡಿಯಿರಿ.

ಪುಡಿಗಿಂತ ಒತ್ತುವುದು ಮುಖ್ಯ. ಗಡಿಯಾರ ನೋಡಿ ಐದು ನಿಮಿಷ ಬಿಡದೆ ಒತ್ತಬೇಕು. ನಿಂತಿತೋ ಇಲ್ಲವೋ ಎಂದು ಅರ್ಧ ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡಿದರೆ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ. ನಿಂತ ಮೇಲೆ ಒರೆಸಬೇಡಿ. ಒಂದು ಗಂಟೆ ಓಡಲು ಬಿಡಬೇಡಿ, ನೆಕ್ಕಲೂ ಬಿಡಬೇಡಿ. ಎರಡು ಮೂರು ದಿನ ಕೆಸರು, ಸಗಣಿಯಿಂದ ದೂರ ಇರಲಿ. ನೊಣ ಕೂತರೆ ಹುಳ ಬೀಳುತ್ತದೆ. ಊದಿದರೆ, ವಾಸನೆ ಬಂದರೆ, ಕುಂಟುವುದು ನಿಲ್ಲದಿದ್ದರೆ ದವಾಖಾನೆ. ನೋವಿಗೆಂದು ನಮ್ಮ ಮೈಕೈ ನೋವಿನ ಗುಳಿಗೆ ಹಾಕಬೇಡಿ. ನಾಯಿಯ ಹೊಟ್ಟೆ, ಮೂತ್ರಪಿಂಡ ಅದನ್ನು ತಡೆಯುವುದಿಲ್ಲ.

ಇನ್ನೊಂದು ಸಂಗತಿ ಹೇಳಲೇಬೇಕು. 2022ರ ಬೇಸಿಗೆಯಲ್ಲಿ ಪಕ್ಕದ ಹೊಲದವರು ನಾನು ಮಾಡುವುದನ್ನು ನೋಡಿ ತಮ್ಮ ನಾಯಿಯನ್ನೂ ತಂದರು. ಉಗುರು ಅಷ್ಟೇನೂ ಒಳಗೆ ಕೊಯ್ಯಲಿಲ್ಲ, ಒಂದು ಹನಿ ರಕ್ತ ಕಂಡಿತು. ಹಿಟ್ಟು ಹಾಕಿ ಒತ್ತಿದೆ. ಐದು ನಿಮಿಷ, ಹತ್ತು ನಿಮಿಷ, ಅರ್ಧ ತಾಸು. ನಿಲ್ಲಲೇ ಇಲ್ಲ. ನನ್ನ ಕೈ ನಡುಗಿತು. ಬಾಯಿ ತೆರೆದು ನೋಡಿದರೆ ಒಸಡು ಬಿಳುಚಿತ್ತು, ಹೊಟ್ಟೆಯ ಚರ್ಮದ ಮೇಲೆ ಸಾಸಿವೆಯಷ್ಟು ಕೆಂಪು ಚುಕ್ಕೆ. ಕಿವಿಯ ತುಂಬ ಉಣ್ಣಿ. ಬಟ್ಟೆ ಬಿಗಿದು ದವಾಖಾನೆಗೆ ಓಡಿದೆವು. ರಕ್ತ ತಪಾಸಣೆ ಮಾಡಿ ಉಣ್ಣಿಜ್ವರ ಎಂದರು. ಈ ರೋಗದಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳೇ ಕಡಿಮೆಯಾಗುತ್ತವೆ. ಡಾಕ್ಸಿಸೈಕ್ಲಿನ್ ಗುಳಿಗೆಯನ್ನು 28 ದಿನ ಕೊಟ್ಟರು, ನಾಯಿ ಉಳಿಯಿತು. ‘ಉಗುರಿಂದ ಗೊತ್ತಾತು, ಇಲ್ಲಂದ್ರ ಹೋಗಿಬಿಡತಿತ್ತು’ ಅಂದರು ಮೇಡಂ.

ಇಲಿ ಪಾಷಾಣವೂ ಹಾಗೇ ಮಾಡುತ್ತದೆ. ನಾವು ಹೊಲದ ಬದುವಿನಲ್ಲಿ ಇಡುವ ಬ್ರೋಮಡಯೋಲೋನ್ ಬಿಲ್ಲೆಯನ್ನು ನಾಯಿ ತಿಂದರೆ, ಅಥವಾ ಅದನ್ನು ತಿಂದ ಇಲಿಗಳನ್ನು ತಿಂದರೆ, ಆವತ್ತು ಏನೂ ಕಾಣುವುದಿಲ್ಲ. ಮೂರು ನಾಲ್ಕು ದಿನ ಬಿಟ್ಟು ರಕ್ತ ಸೋರಲು ಶುರುವಾಗುತ್ತದೆ. ಅದಕ್ಕೆ ವಿಟಮಿನ್ ಕೆ ಎಂಬ ಔಷಧಿ ಇದೆ, ವಾರಗಟ್ಟಲೆ ಕೊಡಬೇಕು. ಹೋಗುವಾಗ ಪಾಷಾಣದ ಪೊಟ್ಟಣ ಕೈಯಲ್ಲಿ ಒಯ್ಯಿರಿ. ಇಪ್ಪತ್ತು ನಿಮಿಷ ಒತ್ತಿಯೂ ಉಗುರಿನ ರಕ್ತ ನಿಲ್ಲದಿದ್ದರೆ ಇವೆರಡನ್ನೂ ನೆನೆಸಿಕೊಂಡು ಹೊರಡಬೇಕು. ಬೆಳಗಾಗಲಿ ಎಂದು ಕಾಯಬಾರದು.

ಈಗ ನಾನು ಉಗುರು ನೋಡುವ ದಿನವೇ ಬೆರಳ ಸಂದು, ಕಿವಿ ಎಲ್ಲ ತಡವಿ ಉಣ್ಣಿ ನೋಡುತ್ತೇನೆ. ಕೆಂಚನಿಗೆ ವಯಸ್ಸಾಯಿತು, ಹೊಲದ ಸುತ್ತು ಕಡಿಮೆಯಾಗಿದೆ, ಆದ್ದರಿಂದ ಉಗುರು ಬೇಗ ಬೆಳೆಯುತ್ತದೆ. ಸೋಮವಾರ ಕತ್ತರಿಯ ಸಪ್ಪಳ ಕೇಳಿದರೆ ಬಣವೆಯ ಹಿಂದೆ ಹೋಗಿ ಮಲಗುತ್ತದೆ. ಕರೆದರೆ ಬರುತ್ತದೆ, ಆದರೆ ಎಡಗಾಲು ಮಾತ್ರ ಕೊಡುವುದಿಲ್ಲ. ನಾನು ಜಜ್ಜಿದ ಆ ನಡು ಬೆರಳಿನ ಉಗುರು ಇಂದಿಗೂ ಸೊಟ್ಟಗೇ ಬೆಳೆಯುತ್ತದೆ. ಅದಕ್ಕೆ ನಾನು ಕತ್ತರಿ ಇಡುವುದಿಲ್ಲ. ನಮ್ಮಾಕಿ ಕೂತು ಕಾನಸಿನಿಂದ ಉಜ್ಜುತ್ತಾಳೆ. ಆಕಿಗೆ ಕೊಡುತ್ತದೆ.