ನ್ಯೂಯಾರ್ಕ್ ಎಕನಾಮಿಕ್ ಕ್ಲಬ್

ನ್ಯೂಯಾರ್ಕ್ ಎಕನಾಮಿಕ್ ಕ್ಲಬ್ ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ನಗರದಲ್ಲಿರುವ ಒಂದು ಪಕ್ಷಾತೀತ ಉಪನ್ಯಾಸ ಸಂಸ್ಥೆ. ಉದ್ಯಮಿಗಳು, ಬ್ಯಾಂಕರುಗಳು ಮತ್ತು ಹಣಕಾಸು ಕ್ಷೇತ್ರದ ಮುಖ್ಯಸ್ಥರು ಇದರ ಸದಸ್ಯರು. 1907ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು ಅಧ್ಯಕ್ಷರು, ಅಧ್ಯಕ್ಷೀಯ ಅಭ್ಯರ್ಥಿಗಳು, ವಿದೇಶಿ ಸರ್ಕಾರಗಳ ನಾಯಕರು ಮತ್ತು ಕೇಂದ್ರ ಬ್ಯಾಂಕಿನ ಮುಖ್ಯಸ್ಥರನ್ನು ಸಾರ್ವಜನಿಕ ವಿಷಯಗಳ ಕುರಿತು ಮಾತನಾಡಲು ಆಹ್ವಾನಿಸುತ್ತ ಬಂದಿದೆ. ಹೆಸರಿನಲ್ಲಿ ಅರ್ಥಶಾಸ್ತ್ರದ ಸೂಚನೆಯಿದ್ದರೂ ಇದು ವಿದ್ವಾಂಸರ ಪರಿಷತ್ತಲ್ಲ. ಯಾವುದೇ ನೀತಿಯ ಪರವಾಗಿ ಕ್ಲಬ್ ತಾನೇ ನಿಲುವು ತಳೆಯುವುದಿಲ್ಲ.

ಹಿನ್ನೆಲೆ

ಕ್ಲಬ್ ಹುಟ್ಟಿದ 1907ನೆಯ ಇಸವಿಯು ಅಮೆರಿಕದ ಆರ್ಥಿಕ ಇತಿಹಾಸದಲ್ಲಿ ಬೇರೊಂದು ಕಾರಣಕ್ಕಾಗಿ ಪ್ರಸಿದ್ಧವಾಗಿದೆ. ಆ ವರ್ಷದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಟ್ರಸ್ಟ್ ಕಂಪನಿಗಳ ಮುಂದೆ ಠೇವಣಿದಾರರು ಹಣ ಹಿಂಪಡೆಯಲು ಸಾಲುಗಟ್ಟಿ ನಿಂತರು. ಆಗ ದೇಶದಲ್ಲಿ ಕೇಂದ್ರ ಬ್ಯಾಂಕ್ ಇರಲಿಲ್ಲವಾದ್ದರಿಂದ, ಬಿಕ್ಕಟ್ಟನ್ನು ತಡೆಯುವ ಕೆಲಸಕ್ಕೆ ಜೆ. ಪಿ. ಮಾರ್ಗನ್ ಎಂಬ ಖಾಸಗಿ ಬ್ಯಾಂಕರನೇ ಮುಂದಾಗಬೇಕಾಯಿತು. ಹಣದ ವ್ಯವಸ್ಥೆಯ ಮೇಲೆ ಹಿಡಿತ ಯಾರದಾಗಿರಬೇಕು ಎಂಬ ಪ್ರಶ್ನೆ ಇದರಿಂದ ತೀವ್ರವಾಯಿತು. ಮುಂದಿನ ಒಂದು ಶತಮಾನದ ಕಾಲ ಕ್ಲಬ್ಬಿನ ವೇದಿಕೆಗೆ ಮತ್ತೆ ಮತ್ತೆ ಬಂದ ಪ್ರಶ್ನೆಯೂ ಇದೇ.

ನ್ಯೂಜೆರ್ಸಿಯ ರಾಜ್ಯಪಾಲರೂ ಅಧ್ಯಕ್ಷೀಯ ಅಭ್ಯರ್ಥಿತನದ ಆಕಾಂಕ್ಷಿಯೂ ಆಗಿದ್ದ ವುಡ್ರೋ ವಿಲ್ಸನ್ 1912ರ ಮೇ ತಿಂಗಳಲ್ಲಿ ಕ್ಲಬ್ಬಿನ ಭೋಜನಕೂಟದಲ್ಲಿ ಸರ್ಕಾರ ಮತ್ತು ವ್ಯಾಪಾರದ ನಡುವಣ ಸಂಬಂಧವನ್ನು ಕುರಿತು ಮಾತನಾಡಿದರು. ಮರುವರ್ಷ ನವೆಂಬರ್‌ನಲ್ಲಿ, ಅವರು ಅಧ್ಯಕ್ಷರಾಗಿದ್ದಾಗ, ಫೆಡರಲ್ ರಿಸರ್ವ್ ಮಸೂದೆಯ ಬಗ್ಗೆ ಇದೇ ಕ್ಲಬ್ಬಿನಲ್ಲಿ ಚರ್ಚೆ ನಡೆಯಿತು. ಮಸೂದೆಯನ್ನು ಕೆಳಮನೆಯಲ್ಲಿ ಮುನ್ನಡೆಸುತ್ತಿದ್ದ ಕಾರ್ಟರ್ ಗ್ಲಾಸ್ ಒಂದು ಕಡೆ, ನ್ಯಾಷನಲ್ ಸಿಟಿ ಬ್ಯಾಂಕಿನ ಅಧ್ಯಕ್ಷ ಫ್ರಾಂಕ್ ವ್ಯಾಂಡರ್ಲಿಪ್ ಇನ್ನೊಂದು ಕಡೆ. ವಿಪರ್ಯಾಸವೆಂದರೆ, ಕೇಂದ್ರ ಬ್ಯಾಂಕಿನ ಮೊದಲ ರೂಪುರೇಷೆಯನ್ನು 1910ರಲ್ಲಿ ಜೆಕಿಲ್ ದ್ವೀಪದಲ್ಲಿ ಗುಟ್ಟಾಗಿ ಸಿದ್ಧಪಡಿಸಿದ್ದ ಗುಂಪಿನಲ್ಲಿ ವ್ಯಾಂಡರ್ಲಿಪ್ ಅವರೂ ಇದ್ದರು. ಈ ಸಂಗತಿಯನ್ನು ಅವರು ತಮ್ಮ ಆತ್ಮಕಥನದಲ್ಲಿ ಬಹಿರಂಗಪಡಿಸಿದ್ದು 1935ರಲ್ಲಿ. 1913ರ ಡಿಸೆಂಬರ್ 23ರಂದು ವಿಲ್ಸನ್ ಮಸೂದೆಗೆ ಸಹಿ ಹಾಕಿದರು.

ಸಭೆಯ ಕ್ರಮ

ಅತಿಥಿಯ ಭಾಷಣದ ನಂತರ ಪ್ರಶ್ನೋತ್ತರ ನಡೆಯುತ್ತದೆ. ಇಬ್ಬರು ಸದಸ್ಯರು ಪ್ರಶ್ನಕಾರರಾಗಿ ಸರದಿಯಂತೆ ಪ್ರಶ್ನಿಸುವುದು ಇಲ್ಲಿನ ರೂಢಿ. ಬರೆದು ತಂದ ಭಾಷಣಕ್ಕಿಂತ ಈ ಭಾಗವೇ ಹಲವು ಬಾರಿ ಹೆಚ್ಚು ಸುದ್ದಿಯಾಗಿದೆ.

ಕೆನಡಿ ಭಾಷಣ, 1962

ಕ್ಲಬ್ಬಿನ ಇತಿಹಾಸದಲ್ಲಿ ಅತಿ ಹೆಚ್ಚು ಚರ್ಚೆಗೊಳಗಾದದ್ದು ಅಧ್ಯಕ್ಷ ಜಾನ್ ಎಫ್. ಕೆನಡಿಯವರು 1962ರ ಡಿಸೆಂಬರ್ 14ರಂದು ವಾಲ್ಡಾರ್ಫ್ ಅಸ್ಟೋರಿಯ ಹೋಟೆಲಿನಲ್ಲಿ ಮಾಡಿದ ಭಾಷಣ. ಕೆನಡಿ ಮತ್ತು ಉದ್ಯಮಿಗಳ ಸಂಬಂಧ ಆಗ ಹಳಸಿತ್ತು. ಆ ವರ್ಷದ ಏಪ್ರಿಲ್‌ನಲ್ಲಿ ಉಕ್ಕಿನ ಕಂಪನಿಗಳು ಟನ್ನಿಗೆ 6 ಡಾಲರ್ ಬೆಲೆ ಏರಿಸಿದಾಗ, ಅಧ್ಯಕ್ಷರು ಬಹಿರಂಗವಾಗಿ ಖಂಡಿಸಿ ಕೆಲವೇ ದಿನಗಳಲ್ಲಿ ಏರಿಕೆಯನ್ನು ಹಿಂತೆಗೆದುಕೊಳ್ಳುವಂತೆ ಮಾಡಿದ್ದರು. ಮೇ ತಿಂಗಳಲ್ಲಿ ಷೇರು ಮಾರುಕಟ್ಟೆಯೂ ಕುಸಿದಿತ್ತು. ಇಂಥ ಸಭಿಕರ ಮುಂದೆ, ಆಯವ್ಯಯದಲ್ಲಿ ಕೊರತೆ ಇರುವಾಗಲೇ ತೆರಿಗೆ ಇಳಿಸುವ ಪ್ರಸ್ತಾಪವನ್ನು ಅವರು ಮಂಡಿಸಬೇಕಾಗಿತ್ತು.

ಅಧಿಕ ತೆರಿಗೆ ದರಗಳು ಆರ್ಥಿಕತೆಯ ಬೆಳವಣಿಗೆಯನ್ನು ಹಿಡಿದಿಟ್ಟಿರುವುದರಿಂದಲೇ ವರಮಾನ ಕಡಿಮೆಯಾಗಿದೆ, ಈಗ ದರ ಇಳಿಸಿದರೆ ಕಾಲಾಂತರದಲ್ಲಿ ವರಮಾನ ಹೆಚ್ಚುತ್ತದೆ ಎಂಬುದು ಕೆನಡಿಯವರ ವಾದವಾಗಿತ್ತು. ಸಭಿಕರು ಅದನ್ನು ಮೆಚ್ಚಿದರು. ಕೆನಡಿಯವರ ಸಹಾಯಕ ಥಿಯೋಡೋರ್ ಸೊರೆನ್ಸನ್ ಬರೆದಿರುವ ಪ್ರಕಾರ, ಕೇನ್ಸ್ ಮತ್ತು ತಮ್ಮ ಆರ್ಥಿಕ ಸಲಹೆಗಾರ ವಾಲ್ಟರ್ ಹೆಲ್ಲರ್ ಅವರ ವಿಚಾರಗಳನ್ನೇ ಉದ್ಯಮಿಗಳಿಗೆ ನೇರವಾಗಿ ಹೇಳಿ ಬಂದೆನೆಂದು ಅಧ್ಯಕ್ಷರು ನಂತರ ಸಂತಸಪಟ್ಟರು. ಸಾರ್ವಜನಿಕ ವೆಚ್ಚವನ್ನು ಹೆಚ್ಚಿಸುವುದೇ ಮೇಲೆಂದು ನಂಬಿದ್ದ ಅರ್ಥಶಾಸ್ತ್ರಜ್ಞ ಜಾನ್ ಕೆನೆತ್ ಗಾಲ್‌ಬ್ರೇತ್ ಮಾತ್ರ, ಮ್ಯಾಕ್‌ಕಿನ್ಲಿ ಕಾಲದ ನಂತರದ ಅಪ್ಪಟ ರಿಪಬ್ಲಿಕನ್ ಭಾಷಣವಿದು ಎಂದು ಟೀಕಿಸಿದರು. ಗಾಲ್‌ಬ್ರೇತ್ ಆಗ ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದರು.

ಕೆನಡಿಯವರ ಹತ್ಯೆಯ ನಂತರ, 1964ರ ಫೆಬ್ರವರಿ 26ರಂದು ಲಿಂಡನ್ ಜಾನ್ಸನ್ ತೆರಿಗೆ ಕಾಯಿದೆಗೆ ಸಹಿ ಹಾಕಿದರು. ವೈಯಕ್ತಿಕ ವರಮಾನ ತೆರಿಗೆಯ ಗರಿಷ್ಠ ದರವು ಶೇ. 91ರಿಂದ 70ಕ್ಕೂ ಕಂಪನಿ ತೆರಿಗೆಯ ದರವು ಶೇ. 52ರಿಂದ 48ಕ್ಕೂ ಇಳಿಯಿತು. ಮುಂದೆ ತೆರಿಗೆ ಕಡಿತವನ್ನು ಬೆಂಬಲಿಸುವ ರಿಪಬ್ಲಿಕನ್ನರು ಈ ಭಾಷಣವನ್ನು ತಮ್ಮ ಪರವಾದ ಸಾಕ್ಷ್ಯವೆಂಬಂತೆ ಬಳಸತೊಡಗಿದರು. ಹೆಲ್ಲರ್ ಅವರ ಉದ್ದೇಶ ಜನರ ಕೊಳ್ಳುವ ಶಕ್ತಿಯನ್ನು, ಅಂದರೆ ಬೇಡಿಕೆಯನ್ನು, ಹೆಚ್ಚಿಸುವುದಾಗಿತ್ತು ಎಂಬುದನ್ನು ಈ ಬಳಕೆಯು ಸಾಮಾನ್ಯವಾಗಿ ಮರೆಯುತ್ತದೆ.

ಕೇಂದ್ರ ಬ್ಯಾಂಕಿನ ಮುಖ್ಯಸ್ಥರು

1913ರಲ್ಲಿ ಇಲ್ಲಿ ಚರ್ಚೆಗೊಳಗಾದ ಫೆಡರಲ್ ರಿಸರ್ವ್‌ನ ಮುಖ್ಯಸ್ಥರು ಇತ್ತೀಚಿನ ದಶಕಗಳಲ್ಲಿ ಕ್ಲಬ್ಬಿನ ಪ್ರಮುಖ ಅತಿಥಿಗಳಾಗಿದ್ದಾರೆ. 2002ರ ಡಿಸೆಂಬರ್‌ನಲ್ಲಿ ಅಲನ್ ಗ್ರೀನ್‌ಸ್ಪಾನ್ ಆಸ್ತಿಬೆಲೆಗಳ ಗುಳ್ಳೆಗಳ ಬಗ್ಗೆ ಇಲ್ಲಿ ಮಾತನಾಡಿದ್ದರು. 2005ರ ಮೇ ತಿಂಗಳಲ್ಲಿ ಅವರು ಮತ್ತೆ ಬಂದಾಗ ಮನೆಗಳ ಬೆಲೆಯ ಪ್ರಸ್ತಾಪ ಬಂದಿತು. ದೇಶವ್ಯಾಪಿ ಗುಳ್ಳೆ ಕಾಣುತ್ತಿಲ್ಲ, ಆದರೆ ಕೆಲವು ಸ್ಥಳೀಯ ಮಾರುಕಟ್ಟೆಗಳಲ್ಲಿ ನೊರೆ ಎದ್ದಿದೆ ಎಂಬ ಅರ್ಥದ ಉತ್ತರವನ್ನು ಅವರು ನೀಡಿದರು. 2007ರ ಅಕ್ಟೋಬರ್ 15ರಂದು ಅವರ ಉತ್ತರಾಧಿಕಾರಿ ಬೆನ್ ಬರ್ನಾಂಕೆ ಇದೇ ಕ್ಲಬ್ಬಿಗೆ ಬಂದು, ಗೃಹಸಾಲಗಳಿಂದ ಆರಂಭವಾದ ಹಣಕಾಸು ತಳಮಳವನ್ನು ವಿವರಿಸಬೇಕಾಯಿತು. ಎರಡು ಭಾಷಣಗಳ ನಡುವಣ ಅಂತರ ಎರಡೂವರೆ ವರ್ಷವೂ ಅಲ್ಲ.

2018ರ ನವೆಂಬರ್ 28ರಂದು ಜೆರೋಮ್ ಪೊವೆಲ್ ಅವರ ಭಾಷಣದ ಒಂದು ಪದಪ್ರಯೋಗ ಮಾರುಕಟ್ಟೆಯನ್ನೇ ಕದಲಿಸಿತು. ತಟಸ್ಥ ಬಡ್ಡಿದರದಿಂದ, ಅಂದರೆ ಆರ್ಥಿಕತೆಯನ್ನು ಉತ್ತೇಜಿಸದ, ತಡೆಯೂ ಮಾಡದ ದರದಿಂದ, ತಾವಿನ್ನೂ ಬಹುದೂರದಲ್ಲಿದ್ದೇವೆ ಎಂದು ಅವರು ಅಕ್ಟೋಬರ್ ಆರಂಭದಲ್ಲಿ ಹೇಳಿದ್ದರು. ಕ್ಲಬ್ಬಿನ ಭಾಷಣದಲ್ಲಿ, ಪ್ರಚಲಿತ ದರವು ತಟಸ್ಥ ದರದ ಅಂದಾಜುಗಳಿಗಿಂತ ತುಸುವೇ ಕೆಳಗಿದೆ ಎಂದರು. ದರ ಏರಿಕೆ ಬೇಗ ನಿಲ್ಲಬಹುದೆಂದು ಊಹಿಸಿದ ಹೂಡಿಕೆದಾರರು ಷೇರುಗಳನ್ನು ಕೊಂಡರು. ಡೌ ಜೋನ್ಸ್ ಸೂಚ್ಯಂಕ ಆ ದಿನ 600ಕ್ಕೂ ಹೆಚ್ಚು ಅಂಶ ಏರಿತು. ಫೆಡರಲ್ ರಿಸರ್ವ್ ಇಂಥ ಭಾಷಣಗಳ ಪಠ್ಯವನ್ನು ತನ್ನ ಜಾಲತಾಣದಲ್ಲೂ ಪ್ರಕಟಿಸುತ್ತದೆಯಾದ್ದರಿಂದ, ಮಾಹಿತಿ ಸಭಿಕರಿಗಷ್ಟೇ ಸೀಮಿತವಾಗಿ ಉಳಿಯುವುದಿಲ್ಲ. ಆದರೆ ಪ್ರಶ್ನೆ ಕೇಳುವ ಅವಕಾಶ ಎಲ್ಲರಿಗೂ ಇಲ್ಲ. 2023ರ ಅಕ್ಟೋಬರ್ 19ರಂದು ಹವಾಮಾನ ಹೋರಾಟಗಾರರು ಸಭೆಗೆ ನುಗ್ಗಿದಾಗ ಪೊವೆಲ್ ಭಾಷಣವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನಂತರ ಮುಂದುವರಿಸಬೇಕಾಯಿತು.

ಅಭ್ಯರ್ಥಿಗಳು

ಡೊನಾಲ್ಡ್ ಟ್ರಂಪ್ 2016ರಲ್ಲಿ ಅಭ್ಯರ್ಥಿಯಾಗಿ, 2019ರಲ್ಲಿ ಅಧ್ಯಕ್ಷರಾಗಿ, 2024ರ ಸೆಪ್ಟೆಂಬರ್ 5ರಂದು ಮತ್ತೆ ಅಭ್ಯರ್ಥಿಯಾಗಿ ಇಲ್ಲಿ ಮಾತನಾಡಿದ್ದಾರೆ. ಎಲಾನ್ ಮಸ್ಕ್ ನೇತೃತ್ವದಲ್ಲಿ ಸರ್ಕಾರಿ ದಕ್ಷತೆಯ ಆಯೋಗವೊಂದನ್ನು ರಚಿಸುವುದಾಗಿ ಅವರು ಮೂರನೆಯ ಭಾಷಣದಲ್ಲಿ ಪ್ರಕಟಿಸಿದರು. ಅದೇ ದಿನ ಮಕ್ಕಳ ಪಾಲನೆಯ ವೆಚ್ಚದ ಬಗ್ಗೆ ಕೇಳಲಾದ ಪ್ರಶ್ನೆಗೆ ಅವರು ನೀಡಿದ ಸುತ್ತುಬಳಸಿನ ಉತ್ತರವು ಚುನಾವಣಾ ಪ್ರಚಾರದ ಚರ್ಚಾವಿಷಯವಾಯಿತು.

ಇತರ ನಗರಗಳಲ್ಲಿ

ಇದೇ ಬಗೆಯ ಕ್ಲಬ್ಬುಗಳು ಶಿಕಾಗೋ (1927), ಡೆಟ್ರಾಯಿಟ್ (1934) ಮತ್ತು ವಾಷಿಂಗ್ಟನ್ (1986) ನಗರಗಳಲ್ಲಿ ಸ್ಥಾಪನೆಗೊಂಡವು.