ಕಟ್ಟಿದ ಮೂಗಿಗೆ ಕೈಚಿಕಿತ್ಸೆ: ಎಷ್ಟು ನಂಬಬಹುದು?

ಮಳೆಗಾಲ ಮುಗಿದು ಅಡಿಕೆ ಕೊಯ್ಲು, ಕಾಫಿ ಕೊಯ್ಲು ಒಂದರ ಹಿಂದೊಂದು ಬರುವ ದಿನಗಳಲ್ಲಿ ನಮ್ಮ ಸದಸ್ಯರ ಮನೆಗಳಲ್ಲಿ ಮೂಗು ಕಟ್ಟಿಕೊಂಡವರು, ಹಣೆ ಹಿಡಿದುಕೊಂಡು ಕೂತವರು ಒಬ್ಬರಾದರೂ ಇರುತ್ತಾರೆ. ಮಾತ್ರೆ ನುಂಗಿ ಬೇಸತ್ತವರು, ಮುಖ ತಿಕ್ಕಿ ಸೈನಸ್ ಬಿಡಿಸುವವರಿದ್ದಾರಂತೆ, ಹೋಗಬಹುದೇ ಎಂದು ಕೇಳುವುದುಂಟು. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಸೈನಸ್ ಎಂಬುದು ರೋಗದ ಹೆಸರಲ್ಲ. ಮುಖದ ಮೂಳೆಗಳೊಳಗೆ ಎಲ್ಲರಿಗೂ ಇರುವ ಗಾಳಿಗೂಡುಗಳಿಗೆ ಆ ಹೆಸರು. ಹಣೆಯಲ್ಲಿ, ಕಣ್ಣುಗಳ ನಡುವೆ, ಕೆನ್ನೆಯಲ್ಲಿ, ಮೂಗಿನ ಹಿಂಬದಿಯಲ್ಲಿ ಹೀಗೆ ನಾಲ್ಕು ಜೊತೆ ಇವೆ. ಇವುಗಳಲ್ಲಿ ಕೆನ್ನೆಯವೇ ದೊಡ್ಡವು. ವಿಚಿತ್ರವೆಂದರೆ ಕೆನ್ನೆಯ ಗೂಡಿನ ಕಿಂಡಿ ತಳದಲ್ಲಿಲ್ಲ, ಮೇಲ್ಭಾಗದಲ್ಲಿದೆ. ತೂಬು ತಳದಲ್ಲಿರದೆ ಮೇಲಿರುವ ತೊಟ್ಟಿಯನ್ನು ಊಹಿಸಿಕೊಳ್ಳಿ. ಅಲ್ಲಿ ಸ್ರವಿಸುವ ಲೋಳೆಯನ್ನು ಒಳಪದರದ ಸೂಕ್ಷ್ಮ ರೋಮಗಳು ಮೇಲಕ್ಕೆ ತಳ್ಳಿ ಕಿಂಡಿಯಿಂದ ಮೂಗಿಗೆ ಸಾಗಿಸಬೇಕು. ನೆಗಡಿಯಿಂದಲೋ ದೂಳಿನಿಂದಲೋ ಕಿಂಡಿಯ ಸುತ್ತ ಬಾವು ಬಂದರೆ ದಾರಿ ಮುಚ್ಚಿ ಲೋಳೆ ಅಲ್ಲೇ ನಿಲ್ಲುತ್ತದೆ. ಹೊರಗಿನಿಂದ ಎಷ್ಟು ಒತ್ತಿದರೂ ಬೆರಳಿಗೂ ಆ ಗೂಡಿಗೂ ನಡುವೆ ಮೂಳೆಯ ಗೋಡೆಯಿದೆ. ತಿಕ್ಕಿ ಲೋಳೆ ಹಿಂಡಿ ತೆಗೆಯುತ್ತೇವೆ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಹಾಗಾದರೆ ತಿಕ್ಕಿಸಿಕೊಂಡವರಿಗೆ ಹಿತವೆನಿಸುವುದೇಕೆ? ಸೈನಸ್ ಎಂದು ಹಲವರು ತಿಳಿದಿರುವ ಹಣೆನೋವು ವಾಸ್ತವದಲ್ಲಿ ಅರೆತಲೆನೋವಾಗಿರುತ್ತದೆ, ಇಲ್ಲವೇ ಕತ್ತು ದವಡೆಗಳ ಬಿಗಿತವಾಗಿರುತ್ತದೆ. ಬಿಗಿತಕ್ಕೆ ಎಣ್ಣೆ ಹಚ್ಚಿದ ಕೈ ಹಿತವೇ ಸರಿ. ಇನ್ನೊಂದು ಕಾರಣವೂ ಉಂಟು. ನೆಗಡಿಯ ಬೆನ್ನಿಗೆ ಬರುವ ಸೈನಸ್ ಬಾವು ಬಹುಪಾಲು ಜನರಲ್ಲಿ ವಾರ ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಎಂಟನೆಯ ದಿನ ಕೈ ಹಾಕಿದವರಿಗೆ ಕೀರ್ತಿ ಸುಲಭವಾಗಿ ದಕ್ಕುತ್ತದೆ!

ನಮ್ಮಲ್ಲಿ ಈ ಬಗೆಯ ಚಿಕಿತ್ಸೆಗಳಲ್ಲಿ ಕ್ರಮಬದ್ಧವಾದುದು ಆಯುರ್ವೇದದ ನಸ್ಯ. 1958ರಲ್ಲಿ ಆರಂಭವಾದ ಉಡುಪಿಯ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜೂ ಸೇರಿದಂತೆ ರಾಜ್ಯದ ಆಯುರ್ವೇದ ಕಾಲೇಜುಗಳಲ್ಲಿ ಇದು ಪಂಚಕರ್ಮದ ಪಾಠದ ಭಾಗ. ಹಣೆ, ಕೆನ್ನೆ, ಕತ್ತುಗಳಿಗೆ ಎಣ್ಣೆ ಹಚ್ಚಿ ಮೃದುವಾಗಿ ತಿಕ್ಕುತ್ತಾರೆ. ಕಣ್ಣುಗಳನ್ನು ಮುಚ್ಚಿ ಮುಖಕ್ಕೆ ಹದವಾದ ಶಾಖ ಕೊಡುತ್ತಾರೆ. ರೋಗಿಯನ್ನು ಅಂಗಾತ ಮಲಗಿಸಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಉಗುರುಬೆಚ್ಚಗಿನ ಔಷಧತೈಲದ ಹನಿಗಳನ್ನು ಎರಡೂ ಹೊಳ್ಳೆಗಳಿಗೆ ಬಿಡುತ್ತಾರೆ. ಗಂಟಲಿಗೆ ಇಳಿದುದನ್ನು ನುಂಗದೆ ಉಗುಳಿಸಿ ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳುತ್ತಾರೆ. ಊಟವಾದ ಕೂಡಲೇ, ಜ್ವರವಿದ್ದಾಗ, ಹೊಸ ನೆಗಡಿಯಲ್ಲಿ, ಗರ್ಭಿಣಿಯರಿಗೆ ಇದನ್ನು ಮಾಡುವುದಿಲ್ಲ. ಒಣಗಿ ಹಕ್ಕಳೆಗಟ್ಟುವ ಮೂಗಿಗೆ ಎಣ್ಣೆ ಒಳ್ಳೆಯದೆನ್ನಿಸುವುದು ಸಹಜ. ಆದರೆ ಮನೆಯಲ್ಲಿ ನೋಡಿ ಕಲಿತವರು ದಿನವೂ ಚಮಚಗಟ್ಟಲೆ ಎಣ್ಣೆ ಸುರಿದುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಉಸಿರಿನೊಡನೆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ಬಾವು ಬರುತ್ತದೆ. ಮಕ್ಕಳಿಗೆ, ಮುದುಕರಿಗೆ ಈ ಅಪಾಯ ಹೆಚ್ಚು.

ಪಶ್ಚಿಮದಿಂದ ಬಂದ ಪದ್ಧತಿಗಳೂ ಇವೆ. ಅಮೆರಿಕದ ವಿಲಿಯಂ ಸದರ್ಲೆಂಡ್ ಎಂಬುವರು 1930ರ ದಶಕದಲ್ಲಿ ತಲೆಬುರುಡೆಯ ಮೂಳೆಗಳು ಲಯಬದ್ಧವಾಗಿ ಅಲುಗುತ್ತವೆಂದೂ ಅವನ್ನು ಕೈಯಿಂದ ಸರಿಪಡಿಸಬಹುದೆಂದೂ ಪ್ರತಿಪಾದಿಸಿದರು. ಮತ್ತೆ ಕೆಲವರು ಮೂಗಿನೊಳಗೆ ಪುಟ್ಟ ರಬ್ಬರ್ ಬಲೂನು ತೂರಿಸಿ, ರಕ್ತದೊತ್ತಡ ನೋಡುವ ಬಲ್ಬಿನಿಂದ ಕ್ಷಣಮಾತ್ರ ಗಾಳಿ ತುಂಬಿ, ಮುಖದ ಮೂಳೆಗಳನ್ನು ಸ್ಥಾನಕ್ಕೆ ತರುತ್ತೇವೆ ಎನ್ನುತ್ತಾರೆ. ವಯಸ್ಕರ ಈ ಮೂಳೆಗಳು ಪರಸ್ಪರ ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ಬೆರಳಿಗೋ ಬಲೂನಿಗೋ ಜರುಗುತ್ತವೆ ಎಂಬುದಕ್ಕೆ ನಂಬಲರ್ಹ ಆಧಾರ ದೊರೆತಿಲ್ಲ. ಮೂಗಿನಲ್ಲಿ ರಕ್ತ ಬರುವುದಂತೂ ಸಾಧ್ಯ. ಕಿವಿ, ಮೂಗು, ಗಂಟಲಿನ ತಜ್ಞರು ಮಾಡುವ ಬಲೂನ್ ಶಸ್ತ್ರಚಿಕಿತ್ಸೆ ಬೇರೆಯದು. ಅವರು ದುರ್ಬೀನಿನಲ್ಲಿ ಕಂಡುಕೊಂಡು ಸೈನಸ್‌ನ ಕಿಂಡಿಯನ್ನೇ ಅಗಲಿಸುತ್ತಾರೆ. ಹೆಸರು ಒಂದೇ ಎಂದು ಮೋಸಹೋಗಬಾರದು.

ಮೂಗು ತೊಳೆಯುವ ಜಲನೇತಿಯ ವಿಷಯದಲ್ಲಿ ನಮಗೆ ಹೆಚ್ಚು ವಿಶ್ವಾಸವಿದೆ. ವೈದ್ಯರೂ ಉಪ್ಪುನೀರಿನ ತೊಳೆತವನ್ನು ಸಲಹೆ ಮಾಡುತ್ತಾರೆ. ಅರ್ಧ ಲೀಟರ್ ನೀರಿಗೆ ಸುಮಾರು 4.5 ಗ್ರಾಂ ಉಪ್ಪು ಹಾಕಿದರೆ ಮೂಗು ಉರಿಯುವುದಿಲ್ಲ. ಇಲ್ಲಿ ನಮ್ಮ ಬೆಳೆಗಾರರು ಮುಖ್ಯವಾಗಿ ಗಮನಿಸಬೇಕಾದುದು ನೀರು. ತೋಟದ ಕೆರೆ, ಹಳ್ಳ, ಬಾವಿ, ನಲ್ಲಿ ಯಾವ ನೀರನ್ನೂ ನೇರವಾಗಿ ಬಳಸಬಾರದು. ಸಿಹಿನೀರಿನಲ್ಲಿರುವ ನೆಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳಿಗೆ ಹತ್ತಿದರೆ ಬದುಕುವವರು ಬಹಳ ಅಪರೂಪ. 2011ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದ ಇಬ್ಬರು ಹೀಗೆ ತೀರಿಕೊಂಡರು. ಅಮೀಬಾದಿಂದ ಬರುವ ಮಿದುಳುಜ್ವರ ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಸಾವುಗಳಿಗೆ ಕಾರಣವಾಯಿತು. ಅದೇ ನೀರನ್ನು ಕುಡಿದರೆ ಈ ಜ್ವರ ಬರುವುದಿಲ್ಲ, ಮೂಗಿಗೆ ಏರಿದರೆ ಬರುತ್ತದೆ. ಆದ್ದರಿಂದ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ, ಆಮೇಲೆ ಬಳಸಬೇಕು. ಗಿಂಡಿಯನ್ನೂ ಪ್ರತಿಸಲ ಅದೇ ನೀರಿನಲ್ಲಿ ತೊಳೆದು ಒಣಗಿಸಬೇಕು.

ಕೆಲವು ಸಂದರ್ಭಗಳಲ್ಲಿ ಮುಖಕ್ಕೆ ಯಾರ ಕೈಯನ್ನೂ ಹಾಕಿಸಬಾರದು. ಕಣ್ಣಿನ ಸುತ್ತ ಬಾವು ಬಂದರೆ, ದೃಷ್ಟಿ ಮಂಜಾದರೆ, ಜ್ವರದೊಡನೆ ತಡೆಯಲಾರದ ತಲೆನೋವಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರದ ಕಾಯಿಲೆ ಹೆಚ್ಚಾಗಿ ಕಾಡಿದ್ದು ಸಕ್ಕರೆ ಕಾಯಿಲೆ ಇದ್ದವರನ್ನು. ಅಂಥವರಿಗೆ ಒಂದು ಕೆನ್ನೆ ಜೋಮು ಹಿಡಿದು ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಒಂದು ದಿನದ ಮಾಲೀಸೂ ದುಬಾರಿಯಾದೀತು. ಒಂದೇ ಹೊಳ್ಳೆಯಿಂದ ದುರ್ವಾಸನೆಯ ಕೀವು ಬರುತ್ತಿದ್ದರೆ ಮೇಲ್ದವಡೆಯ ಹಲ್ಲನ್ನು ಪರೀಕ್ಷಿಸಿಕೊಳ್ಳಿ. ಆ ಹಲ್ಲುಗಳ ಬೇರು ಸೈನಸ್‌ನ ತಳಕ್ಕೆ ಅಂಟಿಕೊಂಡೇ ಇರುತ್ತದೆ. ಎದೆಯಲ್ಲಿ ಸಿಳ್ಳೆ ಹಾಕುವ ಉಬ್ಬಸವಂತೂ ಮುಖ ತಿಕ್ಕಿದರೆ ಹೋಗುವಂಥದಲ್ಲ. ಅದಕ್ಕೆ ವೈದ್ಯರು ಕೊಟ್ಟ ಇನ್‌ಹೇಲರನ್ನು ಯಾರ ಮಾತಿಗೂ ನಿಲ್ಲಿಸಬೇಡಿ.

ಇನ್ನು ದೂಳಿನ ವಿಷಯ. ಇದು ಮಲೆನಾಡಿಗೆ ಮಾತ್ರ ಸಂಬಂಧಿಸಿದ್ದಲ್ಲ. ಬಯಲುಸೀಮೆಯ ಅಫಜಲಪುರ ತಾಲ್ಲೂಕಿನ ಕರಜಗಿಯಂತಹ ಊರುಗಳಲ್ಲಿ ತೊಗರಿ ರಾಶಿಯ ಕಾಲಕ್ಕೆ ಏಳುವ ಹೊಟ್ಟು ಮಾಡುವ ಕೆಲಸವನ್ನೇ ನಮ್ಮಲ್ಲಿ ಬೂಸಲು ಹಿಡಿದ ಚಾಲಿ ಅಡಿಕೆಯ ಸಿಪ್ಪೆ, ಒಣಗಿದ ಚೆರಿ ಕಾಫಿಯ ದೂಳು ಮಾಡುತ್ತವೆ. ದಿನವೆಲ್ಲ ಅದನ್ನು ಉಸಿರಾಡಿ ಸಂಜೆ ಮೂಗಿಗೆ ಎಣ್ಣೆ ಬಿಟ್ಟುಕೊಂಡರೆ ಫಲವೇನು? ಸುಲಿಯುವ ಕೆಲಸವನ್ನು ಮುಚ್ಚಿದ ಕೋಣೆಯಲ್ಲಿ ಮಾಡದೆ ಗಾಳಿಯಾಡುವ ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಮಾಡಬೇಕು. ತಲೆಗೆ ಸುತ್ತುವ ಪಂಜಿಯನ್ನೇ ಮೂಗಿಗೆ ಕಟ್ಟಿಕೊಂಡರೆ ದಪ್ಪ ದೂಳು ನಿಂತೀತು, ಬೂಸಲಿನ ಸಣ್ಣ ಕಣ ನಿಲ್ಲದು; ಅದಕ್ಕೆ ಎನ್-95 ಮುಖವಾಡವೇ ಬೇಕು. ಬೋರ್ಡೋ ದ್ರಾವಣಕ್ಕೆ ಸುಣ್ಣ ಕಲೆಸುವ ಆಳಿಗೂ ಒಂದು ಕೊಡಿಸಿ. ಒದ್ದೆಯಾದ ಮುಖವಾಡವನ್ನು ಮರುದಿನ ಮತ್ತೆ ಹಾಕಿಸಬೇಡಿ.